ಜನ ಕೂರಿಸುವ ಕೆಲಸ

ಹಳೆಯ ಪಂಚೆಯ ತುಂಡನ್ನು ಒದ್ದೆ ಮಾಡಿ ಹಿಂಡಿ ನಾನು ಟ್ಯಾಬಿನ ಗಾಜು ಒರೆಸುತ್ತಿದ್ದೆ. ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ, ಕೊನೆಗೆ ಒಣಬಟ್ಟೆ. ಗಾಜಿನ ಮೇಲೆ ಹಿಂದಿನ ದಿನದ ಜಿಡ್ಡು ಉಳಿದಿದ್ದರೆ ಕಡ್ಡಿ ಜಾರುತ್ತದೆ. ಮೂಗು ಬರೆಯಲು ಹೊರಟದ್ದು ಕೆನ್ನೆಗೆ ಹೋಗಿ ನಿಲ್ಲುತ್ತದೆ. ಸ್ಟೈಲಸ್ಸಿಗೆ ನಮ್ಮಲ್ಲಿ ಎಲ್ಲರೂ ಕಡ್ಡಿ ಅಂತಲೇ ಅನ್ನುವುದು. ಎದುರಿಗೆ ಸ್ಟುಡಿಯೋ ಯಜಮಾನರು ಓಬಳೇಶಣ್ಣ ಸ್ಟೂಲಿನ ಮೇಲೆ ಕೂತು ಕ್ಯಾಮೆರಾದ ಲೆನ್ಸಿಗೆ ರಬ್ಬರ್ ಬುರುಡೆಯಿಂದ ಗಾಳಿ ಹೊಡೆಯುತ್ತಿದ್ದರು. ನಾನು ಕಡ್ಡಿಯ ಸವೆದ ಮೂತಿ ಬಿಚ್ಚಿ ಹೊಸದನ್ನು ತಿರುಗಿಸಿ ಕೂರಿಸಿದೆ. ಕಾಲುಚೀಲ ಕತ್ತರಿಸಿ ನಾನೇ ಹೊಲಿದುಕೊಂಡ ಎರಡು ಬೆರಳಿನ ಕೈಗವಸನ್ನು ಬಲಗೈಗೆ ಏರಿಸಿದೆ. ಓಬಳೇಶಣ್ಣ ಬಾಯಿ ಮುಚ್ಚಿಕೊಂಡಿರುವ ಹೊತ್ತು ದಿನದಲ್ಲಿ ಅದೊಂದೇ. ನನ್ನ ಮಟ್ಟಿಗೆ ಇಡೀ ದಿನವೇ ಹಾಗೆ.

ನಮ್ಮೂರಿನಲ್ಲಿ ಕ್ಯಾಮೆರಾಗೆ ಜನ ಬೀಳುವುದಿಲ್ಲ. ಗೋಡೆ ಬೀಳುತ್ತದೆ, ಬಾಳೆಕಂದು ಬೀಳುತ್ತದೆ, ಅಡ್ಡ ಬಂದ ನಾಯಿಯೂ ಬೀಳುತ್ತದೆ. ಜನ ಬೀಳುವುದಿಲ್ಲ, ಅವರು ಉಟ್ಟದ್ದು, ತೊಟ್ಟದ್ದು, ಕೈಯಲ್ಲಿ ಹಿಡಿದದ್ದು ಯಾವುದೂ ಬೀಳುವುದಿಲ್ಲ. ಕೈಬಿಟ್ಟ ಕ್ಷಣ ಆ ವಸ್ತು ಬೀಳುತ್ತದೆ. ಹಾಗಾಗಿ ಮದುವೆಯ ಫೋಟೋ ಅಂದರೆ ಹೂವಿನ ಮಂಟಪ, ಎರಡು ಖಾಲಿ ಕುರ್ಚಿ, ಕುರ್ಚಿಯ ದಿಂಬಿನಲ್ಲಿ ಎರಡು ತಗ್ಗು, ಗಾಳಿಯಲ್ಲಿ ನಿಂತ ಅಕ್ಷತೆ. ಆ ತಗ್ಗಿನ ಮೇಲೆ ವಧೂವರರನ್ನು ಬರೆದು ಕೂರಿಸುವುದು ನನ್ನ ಕೆಲಸ. ನಮ್ಮ ಬೋರ್ಡಿನಲ್ಲಿ ‘ಇಲ್ಲಿ ಜನ ಕೂರಿಸಿ ಕೊಡಲಾಗುವುದು’ ಎಂದೇ ಇದೆ. ನಮ್ಮ ತಾತಂದಿರ ಕಾಲದಲ್ಲಿ ಕಾಗದದ ಮೇಲೆ ಕುಂಚದಿಂದ ಬರೆಯುತ್ತಿದ್ದರು. ಒಂದು ಮುಖಕ್ಕೆ ಎಂಟು ದಿನ. ಈಗ ಟ್ಯಾಬು ಬಂದು, ಆ್ಯಪ್ ಬಂದು, ಒಂದು ಇಡೀ ಬೀಗರ ಹಿಂಡನ್ನು ನಾಲ್ಕು ದಿನಕ್ಕೆ ಮುಗಿಸುತ್ತೇನೆ.

ಮದುವೆಯ ದಿನ ನಾನು ಮಂಟಪದ ಪಕ್ಕದ ಮೂಲೆಯಲ್ಲಿ ಕೂತು ಯಾರು ಎಲ್ಲಿ ನಿಂತರು, ಯಾರ ಸೆರಗು ಯಾವ ಬಣ್ಣ, ಯಾರು ಆಕಳಿಸಿದರು ಎಂದು ಗುರುತು ಹಾಕಿಕೊಳ್ಳುತ್ತೇನೆ. ಮಾರನೆಯ ದಿನ ಮನೆಯವರು ಅಂಗಡಿಗೆ ಬಂದು ಹೆಸರು ಹೇಳುತ್ತಾರೆ. ಅವರು ಹೇಳಿದವರನ್ನು ಮಾತ್ರ ಚಿತ್ರದಲ್ಲಿ ನಿಲ್ಲಿಸಬೇಕು. ಒಬ್ಬೊಬ್ಬರಿಗೂ ಒಂದೊಂದು ಲೇಯರು, ಒಂದು ಗಾಜಿನ ಮೇಲೆ ಇನ್ನೊಂದು ಗಾಜು ಇಟ್ಟ ಹಾಗೆ. ಪ್ರತಿ ಲೇಯರಿನ ಪಕ್ಕ ಒಂದು ಪುಟ್ಟ ಕಣ್ಣಿನ ಗುರುತು ಇರುತ್ತದೆ. ಅದನ್ನು ಮುಟ್ಟಿದರೆ ಕಣ್ಣು ಮುಚ್ಚುತ್ತದೆ, ಆ ಮನುಷ್ಯ ಮಾಯ. ಮತ್ತೆ ಮುಟ್ಟಿದರೆ ಮತ್ತೆ ನಿಂತಿರುತ್ತಾನೆ. ನಮ್ಮೂರಿನ ಅರ್ಧ ಜಗಳಗಳು ಈ ಕಣ್ಣಿನ ಮುಂದೆಯೇ ಶುರುವಾಗಿ ಮುಗಿಯುತ್ತವೆ. “ನಮ್ಮ ಷಡ್ಡಕನ ಕಣ್ಣು ಮುಚ್ಚಮ್ಮ” ಎಂದು ಒಬ್ಬರು ಬರುತ್ತಾರೆ. ಆರು ತಿಂಗಳಿಗೆ ತಲೆ ಕೆರೆದುಕೊಂಡು ಬಂದು, “ಕಣ್ಣು ತೆಗೆದ್ಬಿಡು, ಪಾಪ, ಆಸ್ಪತ್ರೇಲಿ ನಮ್ ಜೊತೆ ನಿಂತ” ಎನ್ನುತ್ತಾರೆ. ಒಂದು ಅಜ್ಜಿ ಸೊಸೆಯ ಕಣ್ಣು ಮುಚ್ಚಿಸಲು ಬಂದಿತ್ತು. ಮುಚ್ಚಿದೆ, ಸೊಸೆಯ ಸೊಂಟದ ಮೇಲಿದ್ದ ಮೊಮ್ಮಗನೂ ಹೋದ. ಎತ್ತಿಕೊಂಡದ್ದು ಎತ್ತಿಕೊಂಡವರ ಲೇಯರಿಗೇ ಸೇರುವುದು ನಮ್ಮ ಪದ್ಧತಿ. ಅಜ್ಜಿ ಸ್ವಲ್ಪ ಹೊತ್ತು ನೋಡಿ, “ಇರ್ಲಿ ಬಿಡು, ಕಣ್ಣು ತೆಗಿ” ಎಂದು ಎದ್ದು ಹೋಯಿತು.

ಇದೆಲ್ಲ ಬರೀ ಅಲಂಕಾರಕ್ಕೆ ಅಂದುಕೊಂಡರೆ ತಪ್ಪು. ಮದುವೆ ಚಿತ್ರದಲ್ಲಿ ಇದ್ದವರನ್ನೆಲ್ಲ ಮುಂದೆ ಬರುವ ಮೊದಲ ಯುಗಾದಿಗೆ ಮನೆಯ ಯಜಮಾನ ತಾನೇ ಬಾಗಿಲಿಗೆ ಹೋಗಿ ಕರೆಯಬೇಕು. ಚಿತ್ರದ ಮುಂದೆ ನಿಂತು ಬೆರಳಿಟ್ಟು ಎಣಿಸಿಕೊಂಡು ಹೊರಡುತ್ತಾರೆ. ಇದ್ದವರನ್ನು ಕರೆಯದೆ ಬಿಟ್ಟರೆ ಊರು ಆಡಿಕೊಳ್ಳುತ್ತದೆ. ಇಲ್ಲದವರನ್ನು ಯಾರೂ ಕೇಳುವುದಿಲ್ಲ.

ನಾನು ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ಎದ್ದು ನಿಂತು ಓದು ಅಂದರೆ ನನಗೆ ಗಂಟಲೇ ಇಲ್ಲದ ಹಾಗೆ ಆಗುತ್ತಿತ್ತು. ಮೇಷ್ಟ್ರು ಬೈದರು, ಹುಡುಗಿಯರು ನಕ್ಕರು, ಒಂದು ದಿನ ಹೋಗುವುದನ್ನೇ ಬಿಟ್ಟೆ. ಓಬಳೇಶಣ್ಣನ ಅಂಗಡಿಯಲ್ಲಿ ಗುಡಿಸಲು ಸೇರಿದವಳು ಅವರು ಬರೆಯುವುದನ್ನು ನೋಡಿ ನೋಡಿ ಕಲಿತೆ. “ದುರ್ಗಿ, ನಾಲ್ಗೆ ಮನೇಲಿಟ್ಟು ಬಂದ್ಯಾ ಇವತ್ತೂ?” ಎಂದು ಅವರು ದಿನಾ ಕೇಳುತ್ತಾರೆ. ನಾನು ತಲೆ ಆಡಿಸುತ್ತೇನೆ. ಮಾತಾಡದವಳ ಮುಂದೆ ಜನ ತಾವಿದ್ದ ಹಾಗೇ ಇರುತ್ತಾರೆ. ನೋಡುವುದಕ್ಕೆ ಅದೇ ಅನುಕೂಲ. ನನಗೆ ಇನ್ನೊಂದು ಚಾಳಿ ಇದೆ. ಮನೆಯವರು ಹೇಳದೆ ಬಿಟ್ಟವರನ್ನೂ ನಾನು ಬರೆಯುತ್ತೇನೆ. ಪಾತ್ರೆ ತೊಳೆಯುವವರು, ಊಟಕ್ಕೆ ನುಗ್ಗಿದ ಗುರುತಿಲ್ಲದವರು, ಬಾಗಿಲಲ್ಲಿ ನಿಂತು ಹೊರಟುಹೋದವರು. ಬರೆದು ಕಣ್ಣು ಮುಚ್ಚಿ ಇಡುತ್ತೇನೆ. ಅದು ಓಬಳೇಶಣ್ಣನಿಗೂ ಗೊತ್ತಿರಲಿಲ್ಲ.

ಪಾತ್ರೆ ಅಂಗಡಿ ಹಾಲಪ್ಪನವರ ಮಗಳು ಪಾರಿಜಾತಳ ಮದುವೆ ನಡೆದದ್ದು ಮಾಘದಲ್ಲಿ. ಮುಹೂರ್ತಕ್ಕೆ ಇನ್ನೇನು ಅನ್ನುವಾಗ ಕೈ ತೊಳೆಯುವ ಕಡೆಯ ಬಾಗಿಲಿನಿಂದ ಒಬ್ಬ ಹೆಂಗಸು ಒಳಗೆ ಬಂದರು. ಐವತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಬೂದು ಸೀರೆ. ಎದೆಗೆ ಅವಚಿಕೊಂಡಿದ್ದ ಚಪ್ಪಟೆಯ ವಸ್ತುವಿಗೆ ಕೆಂಪು ಬಟ್ಟೆ ಸುತ್ತಿತ್ತು. ಯಾರನ್ನೂ ಮಾತಾಡಿಸದೆ ಮೂರನೆಯ ಕಂಬದ ಹಿಂದೆ ನಿಂತರು. ಗಟ್ಟಿಮೇಳ ಶುರುವಾಗಿ ಎಲ್ಲರ ಕಣ್ಣೂ ಮಂಟಪದ ಕಡೆ ಹೋದಾಗ ಆಕೆ ಬಟ್ಟೆ ಬಿಚ್ಚಿದರು. ಕಟ್ಟು ಹಾಕಿದ ಹಳೆಯ ಚಿತ್ರ. ಅದರಲ್ಲಿ ಅಗಲ ಕುಂಕುಮದ ಒಬ್ಬ ಮುದುಕಿ. ಮುದುಕಿಯ ಮುಖ ಮಂಟಪದ ಕಡೆ ಇರುವ ಹಾಗೆ ಹಿಡಿದು, ಅಕ್ಷತೆ ಮುಗಿಯುವ ತನಕ ಕೈ ಅಲುಗಿಸದೆ ನಿಂತರು. ಆಮೇಲೆ ನಲ್ಲಿಯ ಹತ್ತಿರ ಹೋಗಿ, ಚಿತ್ರಕ್ಕೆ ಅರ್ಧ ಬಟ್ಟೆ ಸುತ್ತಿ ಗೋಡೆಗೆ ಒರಗಿಸಿ, ಬಹಳ ಹೊತ್ತು ಮುಖ ತೊಳೆದುಕೊಂಡರು. ಊಟಕ್ಕೆ ಕೂರಲಿಲ್ಲ.

ಯಾರಿರಬಹುದು ಈಕೆ? ಹಸಿವಿಲ್ಲದೆ ಮದುವೆಗೆ ಬರುವವರನ್ನು ನಾನು ನೋಡಿದ್ದು ಅದೇ ಮೊದಲು. ಮಾರನೆಯ ದಿನ ಹಾಲಪ್ಪನವರು ಹೆಂಡತಿಯ ಜೊತೆ ಅಂಗಡಿಯಲ್ಲಿ ಕೂತು ನೂರ ಹನ್ನೊಂದು ಹೆಸರು ಹೇಳಿದರು. ಅವರಲ್ಲಿ ಆ ಹೆಂಗಸು ಇರಲಿಲ್ಲ. ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಅವರು ಹೋದ ಮೇಲೆ ಓಬಳೇಶಣ್ಣ ಕ್ಯಾಮೆರಾದ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಾ ಬೇಡದ್ದನ್ನು ಅಳಿಸುತ್ತಿದ್ದರು. ಊಟದ ಸಾಲಿನ ಒಂದು ಫೋಟೋದಲ್ಲಿ ಬೆರಳು ನಿಂತಿತು. ಎಲೆಗಳ ಸಾಲು, ಖಾಲಿ ಬೆಂಚು, ತುದಿಯಲ್ಲಿ ನೀರು ಸುರಿಯುತ್ತಿರುವ ಒಂದು ನಲ್ಲಿ, ಕೆಳಗೆ ಯಾರೂ ಇಲ್ಲ. ಪಕ್ಕದ ಗೋಡೆಗೆ ಒರಗಿ, ಕೊರಳಿನವರೆಗೆ ಕೆಂಪು ಬಟ್ಟೆ ಹೊದ್ದು, ಆ ಮುದುಕಿ ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದಳು. ಬರೆದ ಮುಖಕ್ಕೆ ಕ್ಯಾಮೆರಾದ ತಕರಾರಿಲ್ಲವಲ್ಲ. ಅಷ್ಟು ದೊಡ್ಡ ಮದುವೆಯಲ್ಲಿ ಫೋಟೋಗೆ ಬಿದ್ದ ಮುಖ ಅದೊಂದೇ.

“ಅಯ್ಯೋ, ಇದು ಹಾಲಪ್ಪನೋರ ತಾಯಿ ಚಿತ್ರ ಕಣೆ” ಅಂದರು ಓಬಳೇಶಣ್ಣ. “ಕೆಂಚಮ್ಮನ ಹತ್ರ ಇರೋದು. ಅವ್ಳೇ ತಂದಿದ್ಲಾ?”

ನಾನು ಹುಬ್ಬೇರಿಸಿದೆ. ಅಷ್ಟು ಸಾಕಾಯಿತು ಅವರಿಗೆ. ಕೆಂಚಮ್ಮ ಹಾಲಪ್ಪನವರ ತಂಗಿ. ತಾಯಿ ಹಾಸಿಗೆ ಹಿಡಿದಾಗ ನೋಡಿಕೊಂಡವರು ಆಕೆ. ತಾಯಿಯದು ಇದ್ದದ್ದು ಒಂದೇ ಚಿತ್ರ, ಕುಂಚದಲ್ಲಿ ಬರೆದದ್ದು. ಸತ್ತ ಹನ್ನೊಂದನೆಯ ದಿನ ಕೆಂಚಮ್ಮ ಅದನ್ನು ಗೋಡೆಯಿಂದ ಇಳಿಸಿ ತನ್ನ ಮನೆಗೆ ಒಯ್ದರು. ಹಾಲಪ್ಪನವರು ಹದಿನೈದು ವರ್ಷದಿಂದ ಮಾತು ಬಿಟ್ಟಿದ್ದಾರೆ. “ಫೋಟೋ ಹೊಡ್ದು ಇನ್ನೊಂದು ಪ್ರಿಂಟ್ ಹಾಕ್ಕೊಡ್ತೀನಿ ಸಾವ್ಕಾರ್ರೆ ಅಂದೆ. ‘ನಕಲು ಅವ್ವ ನಂಗೆ ಬೇಡ’ ಅಂದ್ರು. ಅಣ್ಣ ತಂಗಿ ಇಬ್ರೂ ಒಂದೇ ಕಲ್ಲಲ್ಲಿ ಕಡ್ದಿರೋರು. ತಗಿ, ಅಳಿಸ್ಬಿಡು ಇದನ್ನ, ಸುಮ್ನೆ ತಲೆನೋವು.”

ನಾನು ಅಳಿಸಲಿಲ್ಲ, ಟ್ಯಾಬಿಗೆ ಹಾಕಿಕೊಂಡೆ. ಮದುವೆಯ ದೊಡ್ಡ ಚಿತ್ರದಲ್ಲಿ ಮೂರನೆಯ ಕಂಬದ ಪಕ್ಕ ಕೆಂಚಮ್ಮನನ್ನು ಬರೆದೆ, ಕೈಯಲ್ಲಿ ತಾಯಿಯ ಚಿತ್ರ ಹಿಡಿಸಿದೆ, ಕಣ್ಣು ಮುಚ್ಚಿದೆ. ಆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ದೂರದಿಂದ ನೋಡಿದ ಮುಖ. ಗಲ್ಲದ ಹತ್ತಿರ ಏನೋ ತಪ್ಪಿತ್ತು. ಕೆಂಚಮ್ಮ ಸೀರೆಗೆ ಫಾಲ್ ಹಾಕಿ ಕೊಡುತ್ತಾರೆ ಎಂದು ಗೊತ್ತಾದ ಮೇಲೆ ನಮ್ಮಮ್ಮನ ಒಂದು ಸೀರೆ, ಜೊತೆಗೆ ಟ್ಯಾಬು, ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ.

ಬಾಗಿಲಲ್ಲೇ ಕೂತು ಹೊಲಿಯುತ್ತಿದ್ದರು. ತಲೆ ಎತ್ತಿ ನೋಡಿದವರು ಸೀರೆಗೆ ಕೈ ಚಾಚಲಿಲ್ಲ. “ನೀನು ಮೂಲೇಲಿ ಕೂತು ಗೀಚ್ತಿದ್ದ ಹುಡುಗಿ ಅಲ್ವಾ?”

ತಲೆ ಆಡಿಸಿದೆ.

“ನನ್ನೂ ಗೀಚಿದ್ಯಾ?”

ಅದಕ್ಕೂ ತಲೆ ಆಡಿಸಿದೆ. ಅವರು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, “ತೋರ್ಸು” ಅಂದರು. ನಾನು ಕಣ್ಣು ತೆರೆದು, ಕಂಬದ ಜಾಗವನ್ನು ದೊಡ್ಡದು ಮಾಡಿ ಮುಂದೆ ಹಿಡಿದೆ. ಬಹಳ ಹೊತ್ತು ನೋಡಿದರು. ಗಲ್ಲದ ಮಾತೇ ಎತ್ತಲಿಲ್ಲ.

“ಈ ಕೈ ನನ್ದಲ್ಲ” ಅಂದರು ಕೊನೆಗೆ. “ನನ್ನ ತೋರ್ಬೆರಳು ಸೊಟ್ಟ. ಇಲ್ ನೋಡು, ಸೂಜಿ ಹಿಡಿದೂ ಹಿಡಿದೂ ಹಿಂಗಾಗಿದೆ. ಬರೆಯೋದಾದ್ರೆ ಸರಿಯಾಗಿ ಬರಿ.”

ಅಲ್ಲೇ ಹೊಸಿಲ ಮೇಲೆ ಕೂತು ಬೆರಳು ತಿದ್ದಿದೆ. ಕಟ್ಟಿನ ಅಂಚನ್ನು ದಾಟಿ ಬೆರಳುಗಳು ತಾಯಿಯ ಭುಜದ ಮೇಲೆ ಬರುತ್ತಿದ್ದವು. ಅದನ್ನೂ ಅವರೇ ಹಿಡಿದು ತೋರಿಸಿದರು. ಒಳಗೆ ಗೋಡೆಯಿಂದ ಆ ಚಿತ್ರ ಇಳಿಸಿ ತಂದು, ಮದುವೆಯಲ್ಲಿ ನಿಂತ ಹಾಗೇ ಬಾಗಿಲಲ್ಲಿ ನಿಂತರು. ನಾನು ಬರೆಯುತ್ತಿದ್ದ ಅಷ್ಟು ಹೊತ್ತೂ ಕೈ ಇಳಿಸಲಿಲ್ಲ. ಎಂದೂ ಬಾಯಿ ಬಿಡದ ನನಗೆ ಅದು ಹೇಗೆ ಬಂತೋ, “ಯಾಕೆ ಊಟ ಮಾಡ್ಲಿಲ್ಲ?” ಎಂದು ಕೇಳಿಬಿಟ್ಟೆ.

“ಕರೀದೇ ಹೋದೋಳು ಎಲೆ ಮುಂದೆ ಕೂರೋದಾ? ಅವ್ವ ಮೊಮ್ಮಗಳ ಮದ್ವೆ ನೋಡ್ಬೇಕು ಅಂತಿದ್ಲು. ತೋರ್ಸೋಕೆ ಹೋಗಿದ್ದೆ, ತೋರ್ಸಿ ಬಂದೆ.” ಆಮೇಲೆ ಅಂದರು: “ಯುಗಾದಿಗೆ ಒಬ್ಬಟ್ಟು ಮಾಡ್ತೀನಿ ಪ್ರತಿ ವರ್ಷ. ಒಬ್ಬಳಿಗೆ ಹೂರ್ಣ ರುಬ್ಬೋದು ಹೆಂಗೆ ಹೇಳು, ಮಿಕ್ಸಿ ತಳಕ್ಕೂ ತಾಗಲ್ಲ. ಮಾಡಿ ಅರ್ಧ ಹಸುಗೆ ಹಾಕ್ತೀನಿ. ಈ ಸಲ ಅಣ್ಣ ಕರೀಬೋದು, ಮಗಳ ಮದ್ವೆ ವರ್ಷ, ಮನಸ್ಸು ಮೆತ್ತಗಿರುತ್ತೆ ಅಂತ...” ಚಿತ್ರವನ್ನು ಮತ್ತೆ ನೆಟ್ಟಗೆ ಹಿಡಿದರು. “ಅವನು ಹೆಸ್ರು ಹೇಳಿಲ್ಲ ತಾನೇ? ಹಂಗಿದ್ರೆ ಕಣ್ಣು ಮುಚ್ಚೇ ಇಡು. ನಿನ್ ಕೆಲಸಕ್ಕೆ ಕುತ್ತು ಬರೋದು ಬೇಡ.”

ಮುಚ್ಚಬೇಕಿತ್ತು. ಅಂಗಡಿಗೆ ಬರುವಷ್ಟರಲ್ಲಿ ಓಬಳೇಶಣ್ಣ, “ಎಲ್ ಹೋಗಿದ್ಯೆ, ಪ್ರಿಂಟಿನೋನು ಕಾಯ್ತಿದಾನೆ” ಎಂದು ಟ್ಯಾಬನ್ನು ಕೈಯಿಂದ ಕಿತ್ತುಕೊಂಡು ಫೈಲು ಕಳಿಸಿಯೇಬಿಟ್ಟರು. ನನ್ನ ತಲೆಯ ತುಂಬ ಸೊಟ್ಟ ಬೆರಳೇ ತುಂಬಿಕೊಂಡಿತ್ತು. ಕಣ್ಣು ತೆರೆದೇ ಇದೆ ಎಂದು ಮನೆಗೆ ಹೋಗಿ ಊಟಕ್ಕೆ ಕೂತಾಗ ನೆನಪಾಯಿತು.

ಮದುವೆ ಚಿತ್ರ ಬಂದರೆ ಮೂರು ದಿನ ಜಗಲಿಯ ಮೇಲೆ ತೂಗುಹಾಕುವುದು ವಾಡಿಕೆ. ದಾರಿಯಲ್ಲಿ ಹೋಗುವವರೆಲ್ಲ ನಿಂತು ತಮ್ಮನ್ನು ಹುಡುಕಿಕೊಳ್ಳುತ್ತಾರೆ. “ನನ್ ಹೊಟ್ಟೆ ಇಷ್ಟು ಮುಂದಿದೆಯಾ?” ಎಂದು ಒಬ್ಬರು, “ನನ್ ಸರ ಎಲ್ಲಿ ನುಂಗಿದ್ಲು ಆ ಮೂಗಿ?” ಎಂದು ಇನ್ನೊಬ್ಬರು. ಮೂಗಿ ಅಂದರೆ ನಾನು. ಮೊದಲ ದಿನ ಹಾಲಪ್ಪನವರು ತಮ್ಮ ಪೇಟವನ್ನಷ್ಟೇ ನೋಡಿಕೊಂಡಿದ್ದರಂತೆ. ಎರಡನೆಯ ದಿನ ಎದುರು ಮನೆಯವರು ಬಂದು, “ಒಳ್ಳೇದಾಯ್ತು ಸಾವ್ಕಾರ್ರೆ. ತಂಗೀನ ಕರ್ಸಿದ್ರಲ್ಲ, ಯುಗಾದಿಗೆ ಮನೆ ತುಂಬ್ತು” ಅಂದರಂತೆ. ಯಾವ ತಂಗಿ ಎಂದು ಇವರು ಕನ್ನಡಕ ಹುಡುಕಿದ್ದಾರೆ.

ಮೂರನೆಯ ದಿನ ಬೆಳಗ್ಗೆ ಸುರುಳಿ ಸುತ್ತಿದ ಚಿತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಅಂಗಡಿಗೆ ಬಂದರು. ಹಿಂದೆ ಪಾರಿಜಾತ, ಕೈಯ ಮದರಂಗಿ ಇನ್ನೂ ಆರೆಂಜು ಬಣ್ಣಕ್ಕೆ ಇತ್ತು.

“ಓಬಳೇಶಪ್ಪ, ನಾನು ಕರ್ದಿರ್ಲಿಲ್ಲ, ಅವ್ಳು ಬಂದಿರ್ಲಿಲ್ಲ. ಇದೇನಿದು?”

ಓಬಳೇಶಣ್ಣ ಬಗ್ಗಿ ನೋಡಿದರು. ಕಂಬದ ಹತ್ತಿರ ಬಂದಾಗ ಮುಖದ ಬಣ್ಣ ಬದಲಾಯಿತು. ನನ್ನ ಕಡೆ ಒಂದು ನೋಟ ಬಿಟ್ಟು, “ಕೈತಪ್ಪು ಸಾವ್ಕಾರ್ರೆ. ಹುಡ್ಗಿ ಬೇರೆ ಯಾರನ್ನೋ ನೋಡಿ... ಈಗ್ಲೇ ಮುಚ್ಚಿ ಹೊಸ ಪ್ರಿಂಟ್ ಕೊಡಿಸ್ತೀನಿ, ನನ್ನ ಖರ್ಚು.”

“ಊರೆಲ್ಲ ನೋಡ್ಬಿಡ್ತಲ್ಲಯ್ಯಾ.” ಅವರು ಕುರ್ಚಿಗೆ ಕೂತರು. “ಅದೇನು ಅವ್ಳು ಹಿಡ್ಕೊಂಡಿರೋದು, ಹಲಗೆನಾ?”

ಪ್ರಿಂಟಿನಲ್ಲಿ ಅದು ಉಗುರಿನಷ್ಟು ಇತ್ತು. ನಾನು ಟ್ಯಾಬನ್ನು ಮೇಜಿನ ಮೇಲಿಟ್ಟು ಎರಡು ಬೆರಳು ಅಗಲಿಸಿದೆ. ಕಂಬ ಗಾಜಿನ ತುಂಬ ಬಂತು, ಆಮೇಲೆ ಬೂದು ಸೀರೆ, ಆಮೇಲೆ ಕಟ್ಟು, ಕುಂಕುಮ. ಹಾಲಪ್ಪನವರ ಕೈ ಕನ್ನಡಕದ ಮೇಲೆ ಹೋಗಿ ಅಲ್ಲೇ ನಿಂತಿತು.

“ಇದನ್ನ ನೀನೆಲ್ಲಿ ನೋಡ್ದೆ?”

ಮಾತಾಡುವ ಬದಲು ಊಟದ ಸಾಲಿನ ಆ ಫೋಟೋವನ್ನು ಟ್ಯಾಬಿನಲ್ಲಿ ತೆರೆದು ಮುಂದಿಟ್ಟೆ. ಎಲೆಯ ಸಾಲು, ಸುರಿಯುವ ನಲ್ಲಿ, ಗೋಡೆಗೆ ಒರಗಿದ ಮುದುಕಿ. ಅದು ಕ್ಯಾಮೆರಾದ ಫೋಟೋ, ನನ್ನ ಕಡ್ಡಿ ಅದನ್ನು ಮುಟ್ಟಿಯೇ ಇಲ್ಲ ಎಂದು ನಮ್ಮೂರಿನ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಳಿಸು ಅಂದಿದ್ದನ್ನು ಉಳಿಸಿಕೊಂಡಿದ್ದಕ್ಕೆ ಓಬಳೇಶಣ್ಣ ನನ್ನನ್ನು ನೋಡಿದರು.

“ಅಪ್ಪ, ಅಜ್ಜಿ ಹಿಂಗಿದ್ರಾ?” ಅಂದಳು ಪಾರಿಜಾತ. “ನಂಗೆ ಬರೀ ಅವರ ಎಲೆಡಿಕೆ ಚೀಲ ನೆನಪು.”

“ಹಿಂಗೇ ಇದ್ಲು.” ಹಾಲಪ್ಪನವರ ದನಿ ತಗ್ಗಿತು. “ನಿನ್ ಮದ್ವೆಗೆ ಬಂದಿದಾಳೆ ನೋಡು.” ಆಮೇಲೆ ಪಂಚೆಯ ಅಂಚಿನಿಂದ ಮೂಗು ಒರೆಸಿಕೊಂಡು ನೆಟ್ಟಗಾದರು. “ಅವ್ವ ಇರ್ಲಿ ಚಿತ್ರದಲ್ಲಿ. ಇವ್ಳ ಕಣ್ಣು ಮುಚ್ಚು.”

ಮುಚ್ಚಿದೆ. ಬೂದು ಸೀರೆ ಹೋಯಿತು, ತಾಯಿಯೂ ಹೋದಳು, ಬೋಳು ಕಂಬ ಉಳಿಯಿತು.

“ಅವ್ವ ಎಲ್ಲೋದ್ಲು?”

“ಹಿಡ್ಕೊಂಡಿದ್ದು ಹಿಡ್ಕೊಂಡೋರ ಜೊತೆಗೇ ಅಲ್ವಾ ಸಾವ್ಕಾರ್ರೆ, ಪದ್ಧತಿ” ಅಂದರು ಓಬಳೇಶಣ್ಣ. ನಾನು ಕಣ್ಣು ತೆರೆದೆ, ಇಬ್ಬರೂ ಬಂದರು.

“ಬಿಡ್ಸೋಕಾಗಲ್ವಾ?”

“ಆಗುತ್ತೆ. ಸುತ್ತ ಕತ್ತರಿಸಿ ಅಮ್ಮನ್ನ ಬೇರೆ ಲೇಯರಿಗೆ ಹಾಕಿದ್ರಾಯ್ತು. ಒಂದು ಗಂಟೆ ಕೆಲ್ಸ.”

“ಹಂಗ್ ಮಾಡ್ಸು. ಕಂಬಕ್ಕೆ ಒರಗಿಸಿಟ್ಟ ಹಂಗೆ ಕಾಣ್ಲಿ.”

“ಮಾಡು ದುರ್ಗಿ” ಅಂದರು ಓಬಳೇಶಣ್ಣ. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ, ಬೇಗ ಮುಗಿದರೆ ಸಾಕು ಅನ್ನುವುದಷ್ಟೇ ಇತ್ತು.

ಕತ್ತರಿಯ ಗುರುತು ಮುಟ್ಟಿ, ಕಡ್ಡಿಯನ್ನು ಕಟ್ಟಿನ ಮೇಲಿನ ಮೂಲೆಯಲ್ಲಿ ಊರಿದೆ. ಮೇಲಿನ ಅಂಚು ಸಲೀಸಾಗಿ ಬಂತು. ಎಡ ಅಂಚಿನಲ್ಲಿ ಇಳಿಯುತ್ತಾ ಅರ್ಧಕ್ಕೆ ಬಂದಾಗ ಬೆರಳುಗಳು ಅಡ್ಡ ಬಂದವು. ನಾಲ್ಕು ಬೆರಳು, ಅದರಲ್ಲಿ ಒಂದು ಸೊಟ್ಟ, ತಾಯಿಯ ಭುಜದ ಮೇಲೆ. ಬೆರಳು ತೆಗೆದರೆ ಭುಜದಲ್ಲಿ ತೂತು ಬೀಳುತ್ತದೆ. ಆ ಬೆರಳ ಕೆಳಗೆ ಸೀರೆಯ ಯಾವ ಬಣ್ಣ ಇದೆಯೋ ನಾನು ನೋಡಿಲ್ಲ, ಫೋಟೋದಲ್ಲೂ ಅಲ್ಲಿ ಬಟ್ಟೆ ಮುಚ್ಚಿದೆ. ಕಾಣದ್ದನ್ನು ಇವತ್ತಿನವರೆಗೆ ಬರೆದಿಲ್ಲ. ಕಡ್ಡಿ ಗಾಜಿನ ಮೇಲೆ ಒಂದೇ ಕಡೆ ನಿಂತಿದ್ದರಿಂದ ಅಲ್ಲೊಂದು ಚುಕ್ಕೆ ಮಿಣುಕುತ್ತಿತ್ತು. ಮೂವರೂ ಅದನ್ನೇ ನೋಡುತ್ತಿದ್ದರು.

ಕಡ್ಡಿ ಎತ್ತಿ ಮೇಜಿನ ಮೇಲಿಟ್ಟೆ. ಶಾಲೆಯಲ್ಲಿ ಓದು ಅಂದಾಗ ನಿಲ್ಲುತ್ತಿದ್ದ ಹಾಗೆ ಎದ್ದು ನಿಂತೆ. ನನಗೆ ಗೊತ್ತಿದ್ದದ್ದು ಇಷ್ಟೇ: ಈಗ ಕತ್ತರಿಸಿದರೆ ಆಕೆ ಮದುವೆಗೆ ಬಂದೇ ಇಲ್ಲದವರಾಗುತ್ತಾರೆ, ಆಮೇಲೆ ಯಾರು ಕೇಳಿದರೂ ಅದೇ ನಿಜ.

“ಕೆಂಚಮ್ಮನೋರು ಅಲ್ಲೇ ನಿಂತಿದ್ರು. ನಾನು ನೋಡಿದೀನಿ” ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಓಬಳೇಶಣ್ಣನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಪಾರಿಜಾತ ಅಪ್ಪನ ಮುಖ ನೋಡಿದಳು. ಹಾಲಪ್ಪನವರು ಗಾಜಿನಿಂದ ಕಣ್ಣು ಎತ್ತಲಿಲ್ಲ.

“ಯುಗಾದಿಗೆ ಅವರನ್ನೂ ಕರೀರಿ, ಸಾವ್ಕಾರ್ರೆ.”

ಹಾಲಪ್ಪನವರು ಪ್ರಿಂಟನ್ನು ಹತ್ತಿರ ಎಳೆದುಕೊಂಡು, ಎಣಿಸುವವರ ಹಾಗೆ ಕಂಬದ ಪಕ್ಕ ಬೆರಳಿಟ್ಟರು.